ಬಾವಿಮನೆಯ ಅಳಿಯ ಅಳೆದ ಹಿಮ

ಬಾವಿಮನೆಯ ಅಳಿಯ ಯಾಸುನೊರಿಯ ಬಗ್ಗೆ ನಮ್ಮೂರಿನಲ್ಲಿ ಹತ್ತು ಜನ ಹತ್ತು ಥರ ಹೇಳುತ್ತಾರೆ. ಅವರ ಮಾತು ಬಿಡಿ. ನಾನು ಪಕ್ಕದ ಕಮ್ಮಾರಮನೆಯವನು. ಕುಲುಮೆ ನಮ್ಮ ಅಜ್ಜನ ಕಾಲಕ್ಕೇ ಆರಿಹೋಗಿದೆ, ಮನೆಗೆ ಹೆಸರು ಮಾತ್ರ ಉಳಿದಿದೆ. ನನ್ನ ಅಡುಗೆಮನೆಯ ಕಿಟಕಿ ತೆರೆದರೆ ಕಾಣುವುದು ಬಾವಿಮನೆಯ ಅಂಗಳ. ಹಾಗಾಗಿ ಆ ಚಳಿಗಾಲ ನಡೆದದ್ದನ್ನು ನಡೆದ ಹಾಗೆ ಹೇಳುವ ಅಧಿಕಾರ ಇಡೀ ಕುರುಮಿಸಾವಾದ ಇಪ್ಪತ್ತಮೂರು ಮನೆಗಳಲ್ಲಿ ನನಗೊಬ್ಬನಿಗೇ ಇದೆ. ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ. ಆದರೆ ಅವಳು ಆ ಕಿಟಕಿಯ ಬಳಿ ನನ್ನಷ್ಟು ಹೊತ್ತು ನಿಲ್ಲುವುದೂ ಇಲ್ಲ.

ಯಾಸುನೊರಿ ಹುಟ್ಟಿದ್ದು ದಕ್ಷಿಣದ ಕಡಲತೀರದಲ್ಲಿ, ಚಹಾ ಮತ್ತು ಕಿತ್ತಳೆ ಬೆಳೆಯುವ ಸೀಮೆಯಲ್ಲಿ. ಅಲ್ಲಿ ಎಂದಾದರೂ ನಾಲ್ಕು ಹಳಕು ಹಿಮ ಬಿದ್ದರೆ ಶಾಲೆಯ ಮಕ್ಕಳನ್ನೆಲ್ಲ ಹೊರಗೆ ಬಿಟ್ಟು ತೋರಿಸುತ್ತಾರಂತೆ. ಇಪ್ಪತ್ತೇಳು ವರ್ಷದ ಹಿಂದೆ ಅವನು ಬಾವಿಮನೆಯ ಒಬ್ಬಳೇ ಮಗಳು ಫುಮಿಯನ್ನು ಕಟ್ಟಿಕೊಂಡು, ತನ್ನ ಮನೆತನದ ಹೆಸರು ಬಿಟ್ಟು ಇವರ ಹೆಸರು ಹಾಕಿಕೊಂಡು, ಮನೆ ಅಳಿಯನಾಗಿ ಬಂದ. ನಮ್ಮಲ್ಲಿ ಹಿಮ ಆಳೆತ್ತರ ಬಿದ್ದರೆ ಅದು ಸಾಧಾರಣ ವರ್ಷ. ಸೂರಿನ ಮೇಲಿನದನ್ನು ಹೊತ್ತಿಗೆ ಸರಿಯಾಗಿ ತೋಡಿ ಹಾಕದಿದ್ದರೆ ಮನೆಯೇ ಕೂತುಬಿಡುತ್ತದೆ. ಮಾವ ಕಿಹಾಚಿ ಬದುಕಿರುವ ತನಕ ಯಾಸುನೊರಿಯ ಪಾಲಿಗೆ ಇದ್ದದ್ದು ಎರಡೇ ಕೆಲಸ, ಏಣಿ ಹಿಡಿಯುವುದು ಮತ್ತು ಸನಿಕೆ ತಂದುಕೊಡುವುದು. ಎರಡನ್ನೂ ಅವನು ತಪ್ಪಿಲ್ಲದೆ ಮಾಡುತ್ತಿದ್ದ.

ಆ ವರ್ಷ ಏಪ್ರಿಲ್‌ನಲ್ಲಿ ಕಿಹಾಚಿ ತೀರಿಕೊಂಡರು. ನಲವತ್ತೊಂಬತ್ತನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಅತ್ತೆ ಕಿನು ಒಂದೇ ಒಂದು ಮಾತು ಹೇಳಿದರು. ನಾನು ಅಲ್ಲೇ ಇದ್ದೆ.

‘ಈ ಚಳಿಗಾಲ ನೋಡ್ತೀನಿ. ಯಾಸುನೊರಿ ಕೈಲಿ ಮನೆ ಹಿಮ ದಾಟಿದ್ರೆ ಸರಿ. ಇಲ್ಲಾಂದ್ರೆ ವಸಂತಕ್ಕೆ ಮಾಸಾಕಿ ಬಂದು ಮನೆ ವಹಿಸ್ಕೊಳ್ಳಲಿ.’

ಮಾಸಾಕಿ ಎಂದರೆ ಕಿಹಾಚಿಯ ತಮ್ಮನ ಮಗ. ನಾಗಾವೊಕಾ ಪೇಟೆಯಲ್ಲಿ ಮನೆ ಕಟ್ಟಿಸುವ ಕಂತ್ರಾಟುದಾರ, ದಪ್ಪ ಕುತ್ತಿಗೆಯ ಮನುಷ್ಯ. ಆ ಹೊತ್ತಿಗೆ ಅವನು ಮೂರನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದ, ಬಟ್ಟಲು ಹಿಡಿದುಕೊಂಡೇ ತಲೆಯಾಡಿಸಿದ. ಯಾಸುನೊರಿ ಊಟದ ಕಡ್ಡಿಗಳನ್ನು ಸಮವಾಗಿ ಜೋಡಿಸಿಟ್ಟು ಅವುಗಳನ್ನೇ ನೋಡುತ್ತ ಕೂತ. ಹೂಜಿಯ ತುಂಬ ಚಹಾ ಇದ್ದರೂ ಫುಮಿ ಚಹಾ ತರುತ್ತೇನೆಂದು ಎದ್ದುಹೋದಳು.

ಇನ್ನು ಹುಳುವಿನ ವಿಚಾರ. ಮುಂಗಾಲೆರಡನ್ನೂ ಜೋಡಿಸಿ ಕೈಮುಗಿದ ಹಾಗೆ ಕೂರುವ ಹಸಿರು ಹುಳು ಇದೆಯಲ್ಲ, ಅದು ಶರತ್ಕಾಲದಲ್ಲಿ ಮೊಟ್ಟೆಗೂಡು ಕಟ್ಟುತ್ತದೆ. ತೀರ ಕೆಳಗೆ ಕಟ್ಟಿದರೆ ಗೂಡು ಹಿಮದಲ್ಲಿ ಹೂತುಹೋಗುತ್ತದೆ, ತೀರ ಮೇಲೆ ಕಟ್ಟಿದರೆ ಹಕ್ಕಿಯ ಬಾಯಿಗೆ ಬೀಳುತ್ತದೆ. ಆದ್ದರಿಂದ ಆ ವರ್ಷ ಹಿಮ ನಿಲ್ಲುವ ಮಟ್ಟವನ್ನು ಮೊದಲೇ ತಿಳಿದು, ಅದರ ಮೇಲೊಂದು ಗೇಣು ಬಿಟ್ಟು ಕಟ್ಟುತ್ತದೆ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಿಹಾಚಿ ಪ್ರತಿ ನವೆಂಬರ್ ಕೊನೆಗೆ ಕೈ ಹಿಂದೆ ಕಟ್ಟಿಕೊಂಡು ತಮ್ಮ ಹಿತ್ತಲು ಸುತ್ತಿ, ಊರಿನ ಸಭೆಗೆ ಬಂದು ಇಷ್ಟು ಎತ್ತರ ಎಂದು ಹೇಳಿ ಕೂರುತ್ತಿದ್ದರು. ಇಪ್ಪತ್ತಮೂರು ಮನೆಯವರೂ ಅದನ್ನು ಬರೆದುಕೊಂಡು ಹೋಗಿ ಅಷ್ಟಕ್ಕೆ ತಕ್ಕ ಹಾಗೆ ಹಲಗೆ, ಹಗ್ಗ, ಸೀಮೆಎಣ್ಣೆ ಹೊಂದಿಸಿಕೊಳ್ಳುತ್ತಿದ್ದೆವು.

ನವೆಂಬರ್ ಮೂರರಂದು ಯಾಸುನೊರಿ ಅಂಗಳದ ಕಾಕಿ ಹಣ್ಣಿನ ಮರಕ್ಕೆ ಆಸರೆ ಕೊಟ್ಟ. ಹಿಮದ ಭಾರಕ್ಕೆ ಕೊಂಬೆ ಮುರಿಯದಿರಲೆಂದು ಸುತ್ತ ಉದ್ದನೆಯ ಬಿದಿರು ನಿಲ್ಲಿಸಿ ಮೇಲಿನಿಂದ ಹಗ್ಗ ಬಿಗಿಯುತ್ತೇವೆ. ಬಚ್ಚಲಮನೆಯ ಹಿಂದೆ ರಾಶಿ ಹಾಕಿದ್ದ ಬಿದಿರುಗಳಲ್ಲಿ ಉದ್ದನೆಯವು ಮೂರನ್ನು ಅವನೇ ಆರಿಸಿದ. ಎತ್ತಿ ನಿಲ್ಲಿಸುವಾಗ ಬುಡ ಹಿಡಿದವನು ನಾನು. ಅವನು ಗಂಟು ಹಾಕಿದ ರೀತಿ ನೋಡಿ ನನಗೆ ಮರದ ಬಗ್ಗೆ ಮರುಕವಾಯಿತು. ಆದರೂ ಮೊದಲ ವರ್ಷವಲ್ಲವೆ ಎಂದು ಸುಮ್ಮನಾದೆ.

ತಿಂಗಳ ಕೊನೆಯ ಸಭೆಯಲ್ಲಿ ಊರಿನ ಮುಖ್ಯಸ್ಥ ಸೆಕಿ, ಕಿಹಾಚಿ ಇಲ್ಲದ ಈ ವರ್ಷ ಹುಳು ನೋಡುವವರು ಯಾರು ಎಂದು ಕೇಳಿದರು. ಕೇಳಿದ್ದು ಸತ್ತವರ ಮೇಲಿನ ಗೌರವಕ್ಕೆ, ಯಾರಾದರೂ ಉತ್ತರ ಕೊಡಲಿ ಎಂದಲ್ಲ. ಯಾಸುನೊರಿ ಕೆಮ್ಮಿದ.

‘ಬಾವಿಮನೆ ಹುಳುವನ್ನ ಬಾವಿಮನೆಯವರೇ ನೋಡ್ತಾರೆ,’ ಎಂದ.

ಎಲ್ಲರೂ ತಿರುಗಿ ನೋಡಿದರು. ಎಲ್ಲರಿಗಿಂತ ಹೆಚ್ಚು ಆಶ್ಚರ್ಯ ಕಂಡದ್ದು ಅವನ ಮುಖದಲ್ಲೇ.

ಮೂರು ದಿನ ಹುಡುಕಿದ. ಬೇಲಿಯ ಬುಡದಲ್ಲಿ ಮಂಡಿಯೂರಿ, ಒಣಗಿದ ಸೇವಂತಿಗೆಯ ನಡುವೆ ತಲೆ ತೂರಿಸಿ, ಎರಡು ಬಸವನಹುಳುಗಳನ್ನೂ ಹೋದ ವರ್ಷ ಕಳೆದುಕೊಂಡಿದ್ದ ತನ್ನ ಕೈಗವಸೊಂದನ್ನೂ ಪತ್ತೆ ಹಚ್ಚಿದ. ಮೂರನೆಯ ದಿನ ಕಾಕಿ ಮರದ ಹಗ್ಗ ಸಡಿಲವಾಗಿ ಅದನ್ನು ಬಿಗಿಯಲು ಏಣಿ ಹತ್ತಿದವನು ಬಿದಿರಿನ ತುದಿಯ ಬಳಿ ಹಾಗೇ ನಿಂತುಬಿಟ್ಟ. ಇಳಿದ. ಮತ್ತೆ ಹತ್ತಿದ. ಅಳತೆ ಪಟ್ಟಿ ತಂದು ಮೂರನೆಯ ಸಲ ಹತ್ತಿ, ಕೊನೆಗೆ ನನ್ನನ್ನು ಕರೆದ. ನಾನೂ ಹತ್ತಿ ನೋಡಿದೆ. ಅಡಿಕೆ ಗಾತ್ರದ, ಕಂದು ಬಣ್ಣದ, ಬಿದಿರಿಗೆ ಗಟ್ಟಿಯಾಗಿ ಅಂಟಿದ ಗೂಡು. ಸಂಶಯವೇ ಇರಲಿಲ್ಲ.

‘ಎಷ್ಟು?’ ಎಂದೆ.

‘ನಾಲ್ಕು ಮೀಟರ್ ಮೂವತ್ತು, ಅಣ್ಣ.’

ನಮ್ಮಪ್ಪನ ಕಾಲದಲ್ಲಿ ಜನ ವಿದ್ಯುತ್ ತಂತಿ ದಾಟಿಕೊಂಡು ನಡೆದ ವರ್ಷವೊಂದಿತ್ತು. ಆ ವರ್ಷವೂ ನಾಲ್ಕು ದಾಟಿರಲಿಲ್ಲ. ನಾವಿಬ್ಬರೂ ಏಣಿಯಿಂದ ಇಳಿದು, ಆ ಬಿದಿರಿಗೆ ತಲೆಬಾಗಿ, ಸೆಕಿಯ ಮನೆಗೆ ನಡೆದೆವು. ಸೆಕಿ ಸಾರಿನ ಸೌಟನ್ನು ಕೈಯಲ್ಲೇ ಹಿಡಿದುಕೊಂಡು ಹೊರಗೆ ಬಂದು, ಅಂಕಿಯನ್ನು ಎರಡು ಸಲ ಹೇಳಿಸಿ ಕೇಳಿಸಿಕೊಂಡರು. ಕತ್ತಲಾಗುವುದರೊಳಗೆ ವಿಷಯ ಇಪ್ಪತ್ತಮೂರು ಮನೆಗೂ ಮುಟ್ಟಿತ್ತು.

ಟಿವಿಯವರು ಮಾತ್ರ ಈ ವರ್ಷ ಚಳಿ ಕಡಿಮೆ, ಹಿಮ ಕಡಿಮೆ ಎಂದು ದಿನಾ ಒದರುತ್ತಿದ್ದರು. ಟಿವಿಯವನು ಕೂತಿರುವುದು ಟೋಕಿಯೊದಲ್ಲಿ, ಹುಳು ಕೂತಿದ್ದು ನಮ್ಮೂರ ಅಂಗಳದಲ್ಲಿ. ಯಾರನ್ನು ನಂಬಬೇಕೆಂಬ ಪ್ರಶ್ನೆಯೇ ಏಳಲಿಲ್ಲ.

ಬೇರೆ ವರ್ಷಗಳಲ್ಲಿ ನಾವು ಕೆಳಗಿನ ಕಿಟಕಿಗಳಿಗೆ ಹಲಗೆ ಇಳಿಸಿ ಗಾಜನ್ನು ಕಾಪಾಡುತ್ತೇವೆ, ಅಷ್ಟೆ. ಯಾಸುನೊರಿ ಲೆಕ್ಕ ಹಾಕಿದ. ನಾಲ್ಕು ಮೀಟರ್ ಮೂವತ್ತು ಎಂದರೆ ಕೆಳಮನೆ ಪೂರ್ತಿ ಹಿಮದಡಿ. ಆದ್ದರಿಂದ ಮಹಡಿಯ ಕಿಟಕಿಗಳಿಗೂ ಹಲಗೆ ಬಡಿದು, ಓಡಾಟಕ್ಕೆ ಒಂದನ್ನು ಮಾತ್ರ ಬಿಟ್ಟ. ಆ ಕಿಟಕಿಯಿಂದ ಅಂಗಳಕ್ಕೆ ಮರದ ಮೆಟ್ಟಿಲು ಇಳಿಸಿದ. ಮನೆಯ ಸಾಮಾನೆಲ್ಲ ಮಹಡಿಗೆ ಹೋಗಬೇಕೆಂದು ತೀರ್ಮಾನಿಸಿ ಎರಡು ದಿನ ಒಳಗೆ ಅದೇನೇನೋ ಹೊತ್ತು ಸಾಗಿಸಿದ. ನನ್ನ ಕಿಟಕಿಯಿಂದ ಒಳಗಿನದು ಕಾಣುವುದಿಲ್ಲ, ಧಡಬಡ ಸದ್ದು ಮಾತ್ರ ಕೇಳುತ್ತಿತ್ತು. ಮೂಲಂಗಿ ಉಪ್ಪಿನಕಾಯಿಯ ದೊಡ್ಡ ಪೀಪಾಯಿ ಒಳಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಹಾಕಿಕೊಂಡು ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಆ ಮೇಲೆ ಮೂರು ವಾರ ಬಾವಿಮನೆಯವರು ಮೂಲಂಗಿಯ ಮೇಲೆ ಹತ್ತಿ ಇಳಿದೇ ಓಡಾಡಿದರು.

ಅಂಚೆ ಪೆಟ್ಟಿಗೆಯನ್ನೂ ಮಹಡಿಯ ಕಿಟಕಿಯ ಪಕ್ಕಕ್ಕೆ ಬಡಿದ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಅಂಚೆಯವನು ಅಂಗಳದಲ್ಲಿ ಟೋಪಿ ತೆಗೆದು ನಿಂತು ಮೇಲೆ ನೋಡಿದ. ಹಿಮ ಬೀಳುವ ತನಕ ಪತ್ರ ಕೆಳಗೇ ಕೊಟ್ಟರಾಗದೆ ಎಂದು ವಿನಯದಿಂದ ಕೇಳಿದ. ಈಗಿನಿಂದಲೇ ಅಭ್ಯಾಸವಾಗಿರುವುದು ಒಳ್ಳೆಯದೆಂದು ಯಾಸುನೊರಿ ಅಷ್ಟೇ ವಿನಯದಿಂದ ಉತ್ತರಿಸಿದ. ಅಂಚೆಯವನು ಒಂದೊಂದೇ ಮೆಟ್ಟಿಲು ಹತ್ತಿ ಒಂದು ಕಾರ್ಡು ಹಾಕಿ ಇಳಿದ. ಹಲ್ಲಿನ ವೈದ್ಯರು ಕಳಿಸಿದ ಕಾರ್ಡು ಅದು.

ಊರು ನಗಲಿಲ್ಲ. ನಗುವ ಹೊತ್ತು ಯಾರಿಗಿತ್ತು? ಎದುರುಮನೆಯವರು ಬಾವಿಮನೆಗೆ ಒಂದು ಮೆಟ್ಟಿಲಾದರೆ ನಮಗೆ ಎರಡಿರಲಿ ಎಂದು ಎರಡು ಕಟ್ಟಿಸಿದರು. ನಾನು ಮೂರು ಚಳಿಗಾಲಕ್ಕಾಗುವಷ್ಟು ಸೀಮೆಎಣ್ಣೆ ತುಂಬಿಸಿಟ್ಟೆ. ನನ್ನ ಹೆಂಡತಿ ಅದರ ವಾಸನೆ ತಡೆಯಲಾರದೆ ತಾನೂ ಮಹಡಿ ಸೇರಿದಳು. ಕೆಳಗಿನ ಪೇಟೆಯ ಅಂಗಡಿಯಲ್ಲಿ ಹಗ್ಗ, ಉಪ್ಪು, ಒಣಮೀನು ಮೂರೂ ಮುಗಿದವು. ಸೆಕಿ ತಾಲ್ಲೂಕು ಕಚೇರಿಗೆ ಅರ್ಜಿ ಬರೆದು, ನಮ್ಮೂರಿಗೆ ಹಿಮ ಬಾಚುವ ಯಂತ್ರ ಒಂದು ಸಾಲದು, ಎರಡು ಬೇಕು ಎಂದು ಕೇಳಿಕೊಂಡರು.

ಇಷ್ಟೆಲ್ಲ ನಡೆಯುವಾಗ ಕಿನು ಜಗಲಿಯಲ್ಲಿ ಕೂತು ಒಣಗಿಸಲು ಕಾಕಿ ಹಣ್ಣಿನ ಸಿಪ್ಪೆ ಹೆರೆಯುತ್ತಿದ್ದರು. ನಿಮ್ಮ ಯಜಮಾನರ ಕಾಲದಲ್ಲಿ ಎಂದಾದರೂ ಇಷ್ಟು ಬಂದಿತ್ತೆ ಎಂದು ಜನ ಕೇಳಿದರೆ, ತಾನು ಅಳತೆ ಪಟ್ಟಿ ಹಿಡಿದವಳಲ್ಲ ಎಂದಷ್ಟೇ ಹೇಳುತ್ತಿದ್ದರು. ಆ ಮುಖ ನೋಡಿ ಏನನ್ನೂ ತಿಳಿಯುವಂತಿರಲಿಲ್ಲ. ಯಾಸುನೊರಿ ಹಲಗೆ ಹೊತ್ತು ಹೋಗುವಾಗ ಒಮ್ಮೊಮ್ಮೆ ಅವರ ಮುಂದೆ ಸ್ವಲ್ಪ ನಿಧಾನವಾಗಿ ನಡೆಯುತ್ತಿದ್ದ. ಅತ್ತೆ ತಲೆ ಎತ್ತುತ್ತಿರಲಿಲ್ಲ, ಅವನು ಮುಂದೆ ಹೋಗುತ್ತಿದ್ದ. ಪಾಪ ಅನಿಸುತ್ತಿತ್ತು ನನಗೆ.

ಡಿಸೆಂಬರ್ ಹನ್ನೆರಡರಂದು ಅರ್ಜಿಯ ವಿಚಾರಣೆಗೆ ಕಚೇರಿಯಿಂದ ಕಬಾಸಾವಾ ಎಂಬ ಅಧಿಕಾರಿಣಿ ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಫಾರಮ್ಮು. ಎರಡನೆಯ ಯಂತ್ರ ಕೇಳಲು ಆಧಾರವೇನು ಎಂಬುದು ಫಾರಮ್ಮಿನ ಏಳನೆಯ ಪ್ರಶ್ನೆ. ಸೆಕಿ ಗಂಟಲು ಸರಿಪಡಿಸಿಕೊಂಡು ಹುಳು ಎಂದರು. ಆಕೆ ನಗಬಹುದೆಂದು ನಾನು ಕಾದೆ. ಆಕೆಯೂ ಇದೇ ಬೆಟ್ಟದ ಕಡೆಯವರು. ತಮ್ಮ ಅಜ್ಜಿಯೂ ಹುಳು ನೋಡುತ್ತಿದ್ದರು, ಎಲ್ಲಿದೆ ತೋರಿಸಿ ಎಂದರು.

ಇಡೀ ಊರು ಬಾವಿಮನೆಯ ಅಂಗಳದಲ್ಲಿ ನೆರೆಯಿತು. ಯಾಸುನೊರಿ ಶುಭ್ರವಾದ ಅಂಗಿ ತೊಟ್ಟು ಬಂದು ಏಣಿ ಹಿಡಿದ. ಕಬಾಸಾವಾ ಹತ್ತಿ, ಕೈಗವಸು ಕಳಚಿ, ಗೂಡನ್ನು ಬೆರಳ ತುದಿಯಿಂದ ಮುಟ್ಟಿ, ಅಪ್ಪಟ ಗೂಡೇ ಎಂದರು. ಊರು ಉಸಿರು ಬಿಟ್ಟಿತು. ಆಮೇಲೆ ಆಕೆಯ ಕಣ್ಣು ಬಿದಿರಿನ ಮೇಲೆ ನಿಂತಿತು. ಅದರ ಒಂದು ಮಗ್ಗುಲು ಬಿಸಿಲಿಗೆ ಬೆಳ್ಳಗಾಗಿತ್ತು. ಇನ್ನೊಂದು ಮಗ್ಗುಲಿಗೆ ಬುಡದಿಂದ ತುದಿಯವರೆಗೆ ಮಣ್ಣು ಮೆತ್ತಿತ್ತು.

‘ಈ ಬಿದಿರು ಯಾವಾಗ ನಿಲ್ಲಿಸಿದ್ದು?’

‘ನವೆಂಬರ್ ಮೂರು. ನಾನೇ ನಿಲ್ಲಿಸಿದ್ದು,’ ಎಂದ ಯಾಸುನೊರಿ, ಎದೆ ಸ್ವಲ್ಪ ಮುಂದೆ ಮಾಡಿ.

‘ಅದಕ್ಕೆ ಮುಂಚೆ?’

‘ಬಚ್ಚಲ ಹಿಂದೆ ಮಲಗಿತ್ತು.’

‘ಎಷ್ಟು ದಿನದಿಂದ?’

‘ಜುಲೈಯಿಂದ.’

ಕಬಾಸಾವಾ ಏಣಿಯ ಮೇಲೆಯೇ ಕೈಗವಸನ್ನು ಒಂದೊಂದೇ ಬೆರಳಿಗೆ ಮತ್ತೆ ತೊಟ್ಟುಕೊಂಡರು. ಒಳ್ಳೆಯ ಹೆಂಗಸು, ಹೇಳದೇ ಬಿಡುವ ದಾರಿ ಇದೆಯೇ ಎಂದು ಹುಡುಕುತ್ತಿದ್ದರೆಂದು ನನಗೀಗ ಅನಿಸುತ್ತದೆ.

‘ಹುಳು ಮೊಟ್ಟೆ ಇಡೋದು ಸೆಪ್ಟೆಂಬರ್ ಕೊನೇಲಿ,’ ಎಂದರು ಮೆಲ್ಲಗೆ.

ಯಾಸುನೊರಿಯ ಮುಖದ ಬಣ್ಣ ಇಳಿಯುವುದನ್ನು ಇಪ್ಪತ್ತಮೂರು ಮನೆಯವರೂ ನೋಡಿದರು. ಆಗ ಬಿದಿರಿನ ಬುಡ ಹಿಡಿದವರು ಯಾರೆಂದು ಯಾರೋ ಕೇಳಿದರು. ನಾನು ಮೋಡಗಳನ್ನು ಪರಿಶೀಲಿಸುತ್ತಿದ್ದೆ. ಕಬಾಸಾವಾ ಇಳಿದು ಬಚ್ಚಲ ಹಿಂದೆ ಹೋಗಿ, ಉಳಿದ ಬಿದಿರಿನ ರಾಶಿಯ ಎತ್ತರ ಅಳೆದು ಫಾರಮ್ಮಿನಲ್ಲಿ ಮೂವತ್ತೈದು ಸೆಂಟಿಮೀಟರ್ ಎಂದು ಬರೆದರು. ಆಧಾರದ ಜಾಗದಲ್ಲಿ ಈಗ ಏನು ಬರೆಯಲಿ ಎಂದು ಸೆಕಿಯನ್ನು ಕೇಳಿದರು.

‘ಅದೇ ಹುಳು,’ ಎಂದರು ಸೆಕಿ.

ಅದು ನ್ಯಾಯವೇ. ಊರಿನಲ್ಲಿ ಯಾರೂ ಹುಳುವಿನ ಮೇಲೆ ತಪ್ಪು ಹೊರಿಸಲಿಲ್ಲ. ಹುಳು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಎದುರುಮನೆಯವರು ಅಂದೇ ಎರಡೂ ಮೆಟ್ಟಿಲು ಕಿತ್ತರು. ಊರೆಲ್ಲ ಹಲಗೆ ತೆಗೆಯುವ ಸದ್ದು ಎರಡು ದಿನ ಕೇಳಿತು. ನಮ್ಮ ಕಡೆಯವರು ಮುಖದ ಮೇಲೆ ನಗುವವರಲ್ಲ. ಯಾಸುನೊರಿ ಎದುರಾದರೆ ಬಗ್ಗಿ ನಮಸ್ಕರಿಸಿ, ಈ ವರ್ಷ ಚಳಿ ಕಡಿಮೆ ಅಲ್ಲವೆ ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಅದಕ್ಕಿಂತ ಅವರು ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

ಬಾವಿಮನೆಯ ಹಲಗೆ ಮಾತ್ರ ಹಾಗೇ ಉಳಿದವು. ಅವನು ದಿನಾ ಬೆಳಿಗ್ಗೆ ಸಬ್ಬಲು ಹಿಡಿದು ಬಂದು ನಿಲ್ಲುತ್ತಿದ್ದ, ನಿಂತು ವಾಪಸು ಹೋಗುತ್ತಿದ್ದ. ಒಂದು ದಿನ ನನ್ನ ಕಿಟಕಿಯ ಬಳಿ ಬಂದು, ತೆಗೆದರೆ ತಾನು ಕೈಲಾಗದವನೆಂದು ಒಪ್ಪಿಕೊಂಡ ಹಾಗೆ, ಬಿಟ್ಟರೆ ಹುಚ್ಚನ ಹಾಗೆ, ಯಾವುದು ಮೇಲು ಎಂದು ಕೇಳಿದ. ಇನ್ನೂ ಜನವರಿ ಇದೆ, ದೊಡ್ಡ ಗಾಳಿಹಿಮ ಬಂದರೂ ಬಂದೀತು, ಕಾಯಿ ಎಂದೆ. ಬಂದೂ ಬಂತು ಒಂದು ಗಾಳಿಹಿಮ, ವರ್ಷದ ಕೊನೆಯ ವಾರದಲ್ಲಿ. ಅರ್ಧ ದಿನ ಊಳಿಟ್ಟು, ನನ್ನ ಪಾದ ಮುಚ್ಚುವಷ್ಟು ಸುರಿದು ಹೋಯಿತು. ಮರುದಿನ ಯಾಸುನೊರಿ ಒಂದು ಪತ್ರ ಬರೆದು ತಾನೇ ಪೇಟೆಗೆ ಹೋಗಿ ಹಾಕಿ ಬಂದ. ಯಾರಿಗೆಂದು ಆಗ ನನಗೆ ತಿಳಿಯಲಿಲ್ಲ.

ಹೊಸ ವರ್ಷದ ನಾಲ್ಕನೆಯ ದಿನ ಮಧ್ಯಾಹ್ನ ಮಾಸಾಕಿ ಟ್ರಕ್ಕಿನಲ್ಲಿ ಬಂದಿಳಿದ. ನಾನು ನಮ್ಮ ಗಡಿಯ ಹಿಮ ತೋಡುತ್ತಿದ್ದೆ. ಅಲ್ಲಿ ತೋಡುವಂಥದ್ದೇನೂ ಇರಲಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಮಾಸಾಕಿ ಹಲಗೆ ಬಡಿದ ಮನೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿ, ಸೊಂಟದ ಮೇಲೆ ಕೈಯಿಟ್ಟು ಮನಸಾರೆ ನಕ್ಕ. ಟ್ರಕ್ಕಿನಿಂದ ತನ್ನ ಸಬ್ಬಲು ತೆಗೆದ. ಕಿನು ಜಗಲಿಗೆ ಬಂದರು, ಹಿಂದೆಯೇ ಫುಮಿ. ಯಾಸುನೊರಿ ಕಾಕಿ ಮರದ ಬಳಿ ತಲೆ ತಗ್ಗಿಸಿ ನಿಂತಿದ್ದ.

‘ಏನ್ ದೊಡ್ಡಮ್ಮ, ಹಗಲು ಹೊತ್ತಲ್ಲೇ ಕತ್ತಲೇಲಿ ಕೂತಿದ್ದೀರಾ? ಒಂದು ಗಂಟೇಲಿ ಎಲ್ಲಾ ಕಿತ್ತು ಹಾಕ್ತೀನಿ. ಇಗೋ, ಮನೆ ನೀವೇ ವಹಿಸ್ಕೊಳ್ಳಿ ಅಂತ ಇವನೇ ನನಗೆ ಬರ್ದಿದ್ದಾನೆ.’

ಕಿನು ಪತ್ರ ತೆಗೆದುಕೊಂಡು ಕನ್ನಡಕವಿಲ್ಲದೆ ದೂರ ಹಿಡಿದು ನಿಧಾನವಾಗಿ ಓದಿದರು. ಮಡಿಸಿ ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡರು. ಯಾಸುನೊರಿಯ ಕಡೆ ನೋಡಲಿಲ್ಲ.

‘ಮಾಸಾಕಿ, ನೀನು ಮನೆ ಕಟ್ಟೋನು. ಈ ಮನೆ ಹಿಮದಲ್ಲಿ ಮುಳುಗುತ್ತೆ ಅಂತ ಗೊತ್ತಾದ್ರೆ ಮೊದಲು ಏನು ಮೇಲಕ್ಕೆ ಸಾಗಿಸ್ತೀಯ?’

ಮಾಸಾಕಿ ಕಸುಬು ತಿಳಿದವನು, ಯೋಚಿಸಿಯೇ ಉತ್ತರಿಸಿದ. ಮೊದಲು ಒಲೆ, ಆಮೇಲೆ ಎಣ್ಣೆ, ಮೂರನೆಯದು ಅಕ್ಕಿ.

‘ಸರಿಯಾಗೇ ಹೇಳಿದೆ,’ ಎಂದರು ಕಿನು. ‘ಇವರು ಮೊದಲು ಸಾಗಿಸಿದ್ದು ನಿಮ್ಮ ದೊಡ್ಡಪ್ಪನ್ನ. ಹಿರಿಯರ ಮಂಟಪ, ಅವರ ಫೋಟೋ, ಧೂಪದ ಬಟ್ಟಲು, ಎಲ್ಲಾ ಬೆನ್ನಿಗೆ ಕಟ್ಕೊಂಡು. ಬಟ್ಟಲಿನ ಬೂದಿ ಒಂದು ಚಿಟಿಕೆ ಚೆಲ್ಲಲಿಲ್ಲ. ದಾರಿ ಪೂರ್ತಿ, ಕ್ಷಮಿಸಿ ಮಾವ, ಮೆಟ್ಟಿಲು ಕಿರಿದು, ಸ್ವಲ್ಪ ವಾಲ್ತೀನಿ ಅಂತ ಹೇಳ್ಕೊಂಡೇ ಹೋದ್ರು. ಆಮೇಲೆ ಇಳಿದು ಬಂದು, ಅತ್ತೆ, ನಿಮ್ಮ ಹಾಸಿಗೆ ಅವರ ಪಕ್ಕದಲ್ಲೇ ಹಾಕ್ಲಾ ಅಂತ ಕೇಳಿದ್ರು. ಅಕ್ಕಿ ಯಾವಾಗ ಹೋಯ್ತೋ ನಾನು ನೋಡ್ಲಿಲ್ಲ.’

ಮಾಸಾಕಿ ಸಬ್ಬಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಅದೆಲ್ಲ ಸರಿ, ಆದರೆ ಮಲಗಿದ್ದ ಬಿದಿರಿನ ಹುಳು ನಂಬಿ ಊರಿಡೀ ಹಲಗೆ ಬಡಿಸಿದವನಲ್ಲವೆ ಎಂದ.

‘ಬಿದಿರು ಅಲ್ಲಿ ಮಲಗಿಸಿದ್ದೇ ನಾನು. ನನಗೆ ಗೊತ್ತಿತ್ತು.’

‘ಗೊತ್ತಿದ್ದೂ ಹೇಳ್ಲಿಲ್ವಾ?’

‘ಹೇಳೋಣ ಅಂತಲೇ ಒಳಗೆ ಹೋದೆ. ಅಷ್ಟೊತ್ತಿಗೆ ಇವರು ಅವರನ್ನ ಹೊತ್ಕೊಂಡು ಅರ್ಧ ಮೆಟ್ಟಿಲು ಹತ್ತಿದ್ರು.’

ಫುಮಿ ಅಂಗಿಯ ತೋಳಿಗೆ ಮುಖ ಒತ್ತಿಕೊಂಡಳು. ಮಾಸಾಕಿ ದಡ್ಡನಲ್ಲ, ಸಬ್ಬಲನ್ನು ಟ್ರಕ್ಕಿಗೆ ಹಾಕಿದ, ಚಹಾ ಕುಡಿಯಲೂ ನಿಲ್ಲದೆ ದೊಡ್ಡಮ್ಮನಿಗೆ ತಲೆಬಾಗಿ ಹೊರಟುಹೋದ. ಟ್ರಕ್ಕು ತಿರುವಿನಾಚೆ ಮರೆಯಾದ ಮೇಲೆ ಯಾಸುನೊರಿ ಮರದ ಬಳಿಯಿಂದ ಎರಡು ಹೆಜ್ಜೆ ಮುಂದೆ ಬಂದು, ಹಲಗೆಗಳನ್ನು ಏನು ಮಾಡಲಿ ಎಂದು ಕೇಳಿದ.

‘ನನ್ನನ್ನ ಯಾಕೆ ಕೇಳ್ತೀರಿ? ಯಜಮಾನರು ನೀವು, ನೀವು ಹೇಳಿ,’ ಎಂದರು ಕಿನು.

ಅವನು ಮನೆಯನ್ನು ನೋಡಿದ. ಕೆಳಗಿನ ಹಲಗೆ, ಮೇಲಿನ ಹಲಗೆ, ಎಲ್ಲವನ್ನೂ ನೋಡಿದ. ತೋಳಿನಿಂದ ಮೂಗು ಒರೆಸಿಕೊಂಡ. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಇಪ್ಪತ್ತೇಳು ವರ್ಷದಲ್ಲಿ ನಾನೆಂದೂ ಕೇಳದ ಗಂಭೀರ ದನಿಯಲ್ಲಿ ಅಪ್ಪಣೆ ಕೊಡಿಸಿದ.

‘ನಾಳೆ ತೆಗೀತೀನಿ. ಇವತ್ತು ಗಾಳಿ ಜಾಸ್ತಿ ಇದೆ.’

ಅಂಗಳದಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ. ಸೆಕಿಯ ಮನೆಯ ಹೊಗೆ ನೆಟ್ಟಗೆ ಮೇಲೇರುತ್ತಿತ್ತು.

‘ಹೌದು, ಗಾಳಿ ಇದೆ,’ ಎಂದರು ಕಿನು, ಮತ್ತು ದೀಪ ಹಚ್ಚಲು ಒಳಗೆ ಹೋದರು.

ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ ಸನಿಕೆ ಊರಿ ನಿಂತು, ಬಾವಿಮನೆಯ ಯಜಮಾನರಿಗೆ ಕೇಳಿಸುವ ಹಾಗೆ, ಟೋಪಿ ಹಾರಿಹೋಗುವಂಥ ಗಾಳಿ ಎಂದು ಹೇಳಿದೆ.